ಬೇರೆ ಬೇರೆ ಮನೆಗಳಲ್ಲಿ ಹಾಡಿದ್ದನ್ನು ಒಂದೇ ಹಾಡಾಗಿಸುವ ಬಗೆ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಗಾಯನ ವೃಂದದ ಎಲ್ಲರನ್ನೂ ಅಭ್ಯಾಸಕ್ಕೆ ಸೇರಿಸುವುದು ಸುಲಭವಲ್ಲ. ಮಡಿಕೇರಿಗೂ ವಿರಾಜಪೇಟೆಗೂ ಸುಮಾರು 30 ಕಿಲೋಮೀಟರ್. ಒಂದು ಮರ ಬಿದ್ದರೂ ಸಾಕು, ದಾರಿ ಬಂದ್. ತೋಟದ ಲೈನ್‌ಮನೆಗಳಲ್ಲಿರುವವರಿಗೆ ಕತ್ತಲಾದ ಮೇಲೆ ಆನೆಯ ಭಯ ಬೇರೆ. ವಿರಾಜಪೇಟೆಯ ದೇವಾಲಯವು ಸಂತ ಅನ್ನಮ್ಮನವರ ಹೆಸರಿನಲ್ಲಿದೆ. ಅವರ ಸ್ಮರಣೆಯ ದಿನವಾದ ಜುಲೈ 26 ಬರುವುದೂ ಇದೇ ಮಳೆಯ ನಡುವೆ. ಅವರವರ ಮನೆಯಲ್ಲೇ ಹಾಡಿ ಕಳುಹಿಸುವ ಕ್ರಮವನ್ನು 2020ರ ಲಾಕ್‌ಡೌನ್ ಕಾಲದಲ್ಲಿ ಎಲ್ಲೆಡೆ ಕಂಡೆವು. ಕೊಡಗಿಗೆ ಅದು ಇಂದಿಗೂ ಉಪಯುಕ್ತ.

ಕಷ್ಟ ಬರುವುದು ಜೋಡಿಸುವಾಗ. ಒಬ್ಬರ ಕಂಪ್ಯೂಟರಿನಲ್ಲಿ ಕೀಬೋರ್ಡಿನ ಪ್ರಾಜೆಕ್ಟ್, ಇನ್ನೊಬ್ಬರಲ್ಲಿ ದನಿಗಳ ಪ್ರಾಜೆಕ್ಟ್ ಇರುತ್ತದೆ. 2000ದಲ್ಲಿ ಹೊರಬಂದ ಉಚಿತ ತಂತ್ರಾಂಶ ‘ಆಡಾಸಿಟಿ’ಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಡೂ ಪ್ರಾಜೆಕ್ಟ್‌ಗಳು ಒಂದೇ ಕಂಪ್ಯೂಟರಿನಲ್ಲಿದ್ದರೆ ಎರಡನ್ನೂ ತೆರೆಯಿರಿ. ಒಂದರಲ್ಲಿನ ಟ್ರ್ಯಾಕ್‌ಗಳನ್ನು ಆಯ್ದು ಕಾಪಿ ಮಾಡಿ, ಇನ್ನೊಂದರಲ್ಲಿ ಟ್ರ್ಯಾಕ್‌ಗಳ ಕೆಳಗಿನ ಖಾಲಿ ಜಾಗದಲ್ಲಿ ಕ್ಲಿಕ್ಕಿಸಿ ಪೇಸ್ಟ್ ಮಾಡಿದರಾಯಿತು.

ಕಂಪ್ಯೂಟರ್‌ಗಳು ಅಥವಾ ತಂತ್ರಾಂಶಗಳು ಬೇರೆಯಾಗಿದ್ದರೆ ಪ್ರಾಜೆಕ್ಟ್ ಫೈಲನ್ನು ಕಳುಹಿಸುವುದಕ್ಕಿಂತ ಒಂದೊಂದು ಟ್ರ್ಯಾಕನ್ನೂ ಪ್ರತ್ಯೇಕ ‘ವೇವ್’ ಫೈಲಾಗಿ ಎಕ್ಸ್‌ಪೋರ್ಟ್ ಮಾಡುವುದು ಒಳ್ಳೆಯದು. ಒಂದು ನಿಯಮವನ್ನು ಮಾತ್ರ ಮರೆಯಬಾರದು. ದನಿ ಎಲ್ಲಿಯೇ ಶುರುವಾಗಲಿ, ಪ್ರತಿ ಫೈಲೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಆರಂಭವಾಗಬೇಕು. ಆರಂಭದ ಖಾಲಿ ಜಾಗವನ್ನು ಕತ್ತರಿಸುವ ಆಯ್ಕೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿದ್ದರೆ ಅದರ ಗುರುತು ತೆಗೆಯಿರಿ. ಆಗ ಎಲ್ಲವನ್ನೂ ಇಂಪೋರ್ಟ್ ಮಾಡಿದ ಕೂಡಲೇ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ಮೊಬೈಲಿನಲ್ಲಿ ಹಾಡಿದ್ದಕ್ಕೆ ಈ ಸೊನ್ನೆ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಕ್ಷಣದಲ್ಲಿ ಬಟನ್ ಒತ್ತಿರುತ್ತಾರೆ. ಆದ್ದರಿಂದ ಮೊದಲು ಕೀಬೋರ್ಡ್ ನುಡಿಸಿ, ಆರಂಭದಲ್ಲಿ ನಾಲ್ಕು ಎಣಿಕೆ ಇಟ್ಟು, ಎಲ್ಲರಿಗೂ ಕಳುಹಿಸಿ. ಹಾಡುವವರು ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ನಾಲ್ಕನೇ ಎಣಿಕೆಗೆ ಒಂದು ಚಪ್ಪಾಳೆ ತಟ್ಟಿ ಹಾಡಲಿ. ಚಪ್ಪಾಳೆಯು ಪರದೆಯ ಮೇಲೆ ಮುಳ್ಳಿನಂತೆ ಎದ್ದು ಕಾಣುತ್ತದೆ. ಆ ಮುಳ್ಳನ್ನು ನಾಲ್ಕನೇ ಎಣಿಕೆಗೆ ಎಳೆದು ಹೊಂದಿಸಿದರೆ ಹಾಡೂ ಹೊಂದುತ್ತದೆ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ. ತಗಡಿನ ಮಾಡಿನ ಕೆಳಗೆ ಮಳೆಯ ಸದ್ದು ದನಿಯನ್ನೇ ನುಂಗುವುದರಿಂದ ಮಳೆ ಬಿಡುವು ಕೊಟ್ಟಾಗ ಹಾಡಲಿ.

ದನಿಗಳು ಕೂಡಿದಂತೆ ಒಟ್ಟು ಸದ್ದು ಏರುತ್ತದೆ. ಮೀಟರು ಸೊನ್ನೆ ಡೆಸಿಬಲ್ ಮುಟ್ಟಿದರೆ ದನಿ ಒಡೆಯುತ್ತದೆ. ಪ್ರತಿ ಟ್ರ್ಯಾಕನ್ನೂ ಸ್ವಲ್ಪ ಸ್ವಲ್ಪ ತಗ್ಗಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬೆರೆಸಿ ಎಂಪಿ3 ಮಾಡಿದ ಮೇಲೆ ಅದರಿಂದ ಒಬ್ಬರ ದನಿಯನ್ನು ಮೊದಲಿನಂತೆಯೇ ಶುದ್ಧವಾಗಿ ಹೊರತೆಗೆಯಲಾಗದು. ಬಿಡಿ ಟ್ರ್ಯಾಕ್‌ಗಳನ್ನು ಅಳಿಸಬೇಡಿ. ಧರ್ಮಕೇಂದ್ರದಲ್ಲಿ ಹಳೆಯ ಆಡಾಸಿಟಿ ಪ್ರಾಜೆಕ್ಟ್‌ಗಳಿದ್ದರೆ ಅವನ್ನೂ ಈಗಲೇ ನೋಡಿಕೊಳ್ಳಿ. 2021ರ ಮಾರ್ಚ್‌ನಲ್ಲಿ ಆವೃತ್ತಿ 3 ಬರುವವರೆಗೆ ಪ್ರಾಜೆಕ್ಟ್ ಫೈಲಿನಲ್ಲಿ ಇರುತ್ತಿದ್ದುದು ಜೋಡಣೆಯ ವಿವರ ಮಾತ್ರ. ದನಿಯೆಲ್ಲ ‘ಡೇಟಾ’ ಎಂಬ ಪಕ್ಕದ ಫೋಲ್ಡರಿನಲ್ಲಿರುತ್ತಿತ್ತು. ಸಿಡಿಗೆ ಅಥವಾ ಪೆನ್‌ಡ್ರೈವಿಗೆ ಆ ಫೋಲ್ಡರನ್ನು ಹಾಕದಿದ್ದರೆ ಉಳಿದದ್ದು ಹೆಸರು ಮಾತ್ರ. ಎರಡೂ ಇದ್ದರೆ ಹೊಸ ಆವೃತ್ತಿಯಲ್ಲಿ ತೆರೆದು ಸೇವ್ ಮಾಡಿ; ಎಲ್ಲವೂ ಒಂದೇ ಫೈಲಾಗುತ್ತದೆ. ಅದರ ಪ್ರತಿಯೊಂದನ್ನು ಬೇರೆ ಮನೆಯಲ್ಲೂ ಇಡಿ.

ಅಂದು ಹಾಡಿದ ಹಿರಿಯರಲ್ಲಿ ಕೆಲವರು ಇಂದು ನಮ್ಮೊಡನೆ ಇಲ್ಲ. ಅವರ ದನಿ ಆ ಫೋಲ್ಡರಿನಲ್ಲಿ ಇನ್ನೂ ಇರಬಹುದು. ಈ ಮಳೆಗಾಲದಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ಹುಡುಕೋಣ.