ಬಾಹ್ಯ ಮೂಲವ್ಯಾಧಿ: ಮುಚ್ಚಿಡಬೇಕಾದ ರೋಗವಲ್ಲ
ಮೂಲವ್ಯಾಧಿ ಎಂದೊಡನೆ ನಮ್ಮ ಹಳ್ಳಿಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ಮಾತು ನಿಂತುಹೋಗುತ್ತದೆ. ನೋವನ್ನು ನುಂಗಿ ಕೊನೆಗೆ ಗುಟ್ಟಾಗಿ ನಕಲಿ ವೈದ್ಯರ ಚುಚ್ಚುಮದ್ದಿಗೆ ಮೊರೆಹೋಗುವುದು ರೋಗಕ್ಕಿಂತಲೂ ಅಪಾಯಕಾರಿ.

ಗುದದ್ವಾರದ ಹೊರ ಅಂಚಿನಲ್ಲಿ, ಚರ್ಮದಡಿಯ ರಕ್ತನಾಳಗಳು ಊದಿಕೊಳ್ಳುವುದೇ ಬಾಹ್ಯ ಮೂಲವ್ಯಾಧಿ. ಒಳಮೊಳೆ ಸಾಮಾನ್ಯವಾಗಿ ನೋಯದೆ ರಕ್ತ ಸುರಿಸುತ್ತದೆ. ಹೊರಮೊಳೆಯ ಚರ್ಮ ಸೂಕ್ಷ್ಮಸಂವೇದಿಯಾದುದರಿಂದ, ಒಳಗೆ ರಕ್ತ ಹೆಪ್ಪುಗಟ್ಟಿದರೆ ನೀಲಿ ಗಂಟು ಮೂಡಿ ಕುಳಿತುಕೊಳ್ಳಲೂ ಆಗದಷ್ಟು ನೋವಾಗುತ್ತದೆ. ಮೊದಲ 2-3 ದಿನಗಳಲ್ಲಿ ಇದು ತೀವ್ರ. ಅಷ್ಟರೊಳಗೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಂಥಲ್ಲಿ ಶಸ್ತ್ರವೈದ್ಯರನ್ನು ಕಂಡರೆ, ಆ ಭಾಗವನ್ನಷ್ಟೇ ಮರಗಟ್ಟಿಸಿ ಗಂಟನ್ನು ತೆಗೆಯಬಹುದು. ನೋವು ಇಳಿಮುಖವಾಗಿದ್ದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಕಿಲ್ಲ. ಕೆಲವು ವಾರಗಳಲ್ಲಿ ಅದು ತಾನಾಗಿಯೇ ಕರಗುತ್ತದೆ. ಅಗಲವಾದ ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ 2-3 ಬಾರಿ, 10-15 ನಿಮಿಷ ಕುಳಿತರೆ ಹಿತವಾಗುತ್ತದೆ.

ಮಲಬದ್ಧತೆಯೂ ತಿಣುಕುವುದೂ ಇದರ ಮುಖ್ಯ ಕಾರಣಗಳು. ರಾಗಿಮುದ್ದೆ, ಸೊಪ್ಪಿನ ಸಾರು, ಮೊಳಕೆಕಾಳು, ನವಣೆಯನ್ನ ಇವೆಲ್ಲ ನಾರಿನಂಶವುಳ್ಳ ನಮ್ಮ ಸೀಮೆಯದೇ ಆಹಾರ. ನಾವು ಅವನ್ನು ಬಿಟ್ಟು ಬಿಳಿಯಕ್ಕಿಗೆ ಮರುಳಾದೆವು. ನೀರನ್ನೂ ಧಾರಾಳವಾಗಿ ಕುಡಿಯಬೇಕು. ಶೌಚಾಲಯಕ್ಕೆ ಮೊಬೈಲ್ ಒಯ್ಯುವ ಹೊಸ ಚಟ ಬೇಡವೇ ಬೇಡ.

ರಕ್ತ ಕಂಡಾಗಲೆಲ್ಲ ಮೊಳೆಯೆಂದೇ ಭಾವಿಸಬಾರದು. ರಕ್ತದೊಡನೆ ತೂಕ ಇಳಿದರೆ, ಮಲವಿಸರ್ಜನೆಯ ರೂಢಿ ಬದಲಾದರೆ, ಕರುಳಿನ ಕ್ಯಾನ್ಸರ್ ಇಲ್ಲವೆಂಬುದನ್ನು ವೈದ್ಯರಿಂದ ಪರೀಕ್ಷಿಸಿಕೊಂಡೇ ಖಚಿತಪಡಿಸಿಕೊಳ್ಳಬೇಕು.