ನಿಮಗಿದು ಗೊತ್ತೇ? ಏಳಡಿ ಆಸಾಮಿ ‘ನನ್ನನ್ನು ಬಿಟ್ಟುಬಿಡಿ’ ಅಂದಾಗ!

ಒಬ್ಬ ಆಟಗಾರ ನಿಮ್ಮೆದುರು ನೂರು ಪಾಯಿಂಟ್ ಬಾರಿಸುತ್ತಾನೆ. ಆರು ವರ್ಷ ಕಳೆದ ಮೇಲೆ ಅದೇ ಆಟಗಾರನನ್ನು ತರಿಸಿಕೊಳ್ಳಲು ನಿಮ್ಮನ್ನೇ ಬದಲಿಗೆ ಕೊಟ್ಟುಬಿಡುತ್ತಾರೆ! ಡಾರಲ್ ಇಮ್ಹಾಫ್ ಎಂಬ ಪುಣ್ಯಾತ್ಮನ ಹಣೆಯಲ್ಲಿ ಬರೆದದ್ದು ಇದೇ. 1962ರ ಮಾರ್ಚ್ 2ರಂದು ಅಮೆರಿಕದ ಹರ್ಷಿ ಎಂಬ ಚಾಕೊಲೇಟ್ ಊರಿನಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಪಾಯಿಂಟ್ ಗಳಿಸಿದರಲ್ಲ, ಅವತ್ತು ಎದುರಾಳಿ ನ್ಯೂಯಾರ್ಕ್ ನಿಕ್ಸ್ ತಂಡದ ಸೆಂಟರ್ ಇದೇ ಇಮ್ಹಾಫ್. 20 ನಿಮಿಷ ಆಡುವಷ್ಟರಲ್ಲಿ ಫೌಲ್ ಕೋಟಾ ಮುಗಿದು ಬೆಂಚ್ ಸೇರಿದ್ದರು. 1968ರಲ್ಲಿ ಲೇಕರ್ಸ್ ತಂಡ ಚೇಂಬರ್ಲಿನ್‌ಗಾಗಿ ಫಿಲಡೆಲ್ಫಿಯಾಗೆ ಕಳಿಸಿದ ಮೂವರಲ್ಲಿ ಒಬ್ಬರು ಯಾರು ಹೇಳಿ? ಹ್ಞಾಂ, ಅವರೇ!

ಸೆಂಟರ್ ಅಂದರೆ ತಂಡದ ಅತಿ ಎತ್ತರದ ಆಳು. ಬುಟ್ಟಿಯ ಬುಡದಲ್ಲಿ ನಿಂತು ಕಾಯುವವನು, ಹೊಡೆಯುವವನು, ಹಿಡಿಯುವವನು ಎಲ್ಲ ಅವನೇ. ಐಪಿಎಲ್ ಹರಾಜು ನೋಡಿ ರೂಢಿಯಾದ ನಮಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪದ್ಧತಿ ವಿಚಿತ್ರ ಅನಿಸಬಹುದು. ಅಲ್ಲಿ ಹರಾಜಿಲ್ಲ, ಅದಲುಬದಲು. ‘ನನಗೆ ಈ ಊರು ಸಾಕು’ ಎಂದು ದೊಡ್ಡ ಸೆಂಟರ್ ಒಬ್ಬ ಬಾಯಿಬಿಟ್ಟರೆ ಮುಗಿಯಿತು, ದೇಶವೆಲ್ಲ ಲೆಕ್ಕ ಹಾಕುತ್ತ ಕೂರುತ್ತದೆ. ಅವನಿಗೆ ಬದಲು ಯಾರನ್ನು ಕೊಡಬೇಕು? ಎಷ್ಟು ಜನರನ್ನು? ಮಜಾ ಇರುವುದು ಆ ಬದಲಿ ಪಟ್ಟಿಯಲ್ಲೇ ನೋಡಿ!

ಇದೇ ಚೇಂಬರ್ಲಿನ್ 1965ರಲ್ಲೂ ಒಮ್ಮೆ ಕೈ ಬದಲಾಗಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ಅವರನ್ನು ಬಿಟ್ಟುಕೊಟ್ಟಿದ್ದು ಮೂವರು ಆಟಗಾರರು ಮತ್ತು 1,50,000 ಡಾಲರ್‌ಗೆ. ಆ ಮೂವರಲ್ಲಿ ಲೀ ಶಾಫರ್ ಎಂಬಾತ ಹೊಸ ತಂಡಕ್ಕೆ ಬರಲೇ ಇಲ್ಲ. ಆಟವನ್ನೇ ಬಿಟ್ಟುಬಿಟ್ಟರು! ಇನ್ನೂ ಕೇಳಿ: 1967ರಲ್ಲಿ ಚೇಂಬರ್ಲಿನ್ ಮೊದಲ ಸಲ ಚಾಂಪಿಯನ್ ಆದರು. ಫೈನಲ್‌ನಲ್ಲಿ ಸೋತು ಸುಣ್ಣವಾದ ತಂಡ? ಅವರನ್ನು ಮಾರಿದ್ದ ಅದೇ ವಾರಿಯರ್ಸ್!

ತಂಡ ಬಿಡುತ್ತೇನೆ ಎಂದು ಗುಟ್ಟಾಗಿ ಕೇಳಿದರೆ ತಪ್ಪಿಲ್ಲ. ಬಹಿರಂಗವಾಗಿ ಕೇಳಿದರೆ ದಂಡ! 2019ರ ಜನವರಿಯಲ್ಲಿ ಆಂಟನಿ ಡೇವಿಸ್ ನ್ಯೂ ಆರ್ಲಿಯನ್ಸ್ ಬಿಡುವ ಇಚ್ಛೆಯನ್ನು ಅವರ ಏಜೆಂಟ್ ಊರಿಗೆಲ್ಲ ಸಾರಿದರು. ಲೀಗ್ 50,000 ಡಾಲರ್ ಕಿತ್ತುಕೊಂಡಿತು. ಆ ಋತುವಿನ ಕೊನೆಯ ಪಂದ್ಯಕ್ಕೆ ಡೇವಿಸ್ ಬಂದಾಗ ತೊಟ್ಟಿದ್ದ ಟೀ ಶರ್ಟ್ ಮೇಲೆ ಕಾರ್ಟೂನ್ ಮುಗಿಯುವಾಗ ಬರುತ್ತದಲ್ಲ, ‘ಇಷ್ಟೇ ಕಣ್ರಪ್ಪಾ’ ಎನ್ನುವ ಆ ಸಾಲು ಇತ್ತು. ಆಮೇಲೆ ಕೇಳಿದರೆ, ಬಟ್ಟೆ ಆರಿಸಿದ್ದು ನಾನಲ್ಲ ಅಂದರು. ನೀವು ನಂಬುತ್ತೀರಾ?

ಈಗ ಎಲ್ಲಕ್ಕಿಂತ ದೊಡ್ಡ ಕಥೆಗೆ ಬನ್ನಿ. ಕರೀಮ್ ಅಬ್ದುಲ್ ಜಬ್ಬಾರ್! ಏಳಡಿ ಎರಡು ಇಂಚು. ಮಿಲ್ವಾಕಿ ಬಕ್ಸ್ ತಂಡಕ್ಕೆ ಅವರು ದಕ್ಕಿದ್ದೇ ನಾಣ್ಯ ಚಿಮ್ಮಿ. 1969ರಲ್ಲಿ ಫೀನಿಕ್ಸ್ ತಂಡ ‘ಹೆಡ್’ ಅಂದಿತು, ‘ಟೇಲ್’ ಬಿತ್ತು. ಅಷ್ಟೇ!

ಎರಡನೇ ವರ್ಷಕ್ಕೇ, ಅಂದರೆ 1971ರಲ್ಲಿ, ಮಿಲ್ವಾಕಿಗೆ ಚಾಂಪಿಯನ್ ಪಟ್ಟ ತಂದುಕೊಟ್ಟರು. ಆದರೂ ಆ ಊರಿಗೆ ಅವರ ಮನಸ್ಸು ಒಗ್ಗಲಿಲ್ಲ. ಹುಟ್ಟಿ ಬೆಳೆದದ್ದು ನ್ಯೂಯಾರ್ಕ್, ಓದಿದ್ದು ಲಾಸ್ ಏಂಜಲೀಸ್. ಮನೆಯವರಿಲ್ಲ, ಆಪ್ತರಿಲ್ಲ, ಹೊಸದಾಗಿ ಅಪ್ಪಿದ ಇಸ್ಲಾಂ ಧರ್ಮದ ಬದುಕಿಗೆ ಬೇಕಾದ ವಾತಾವರಣವೂ ಅಲ್ಲಿಲ್ಲ. 1974ರ ಅಕ್ಟೋಬರ್‌ನಲ್ಲಿ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ತಂಡದ ಮುಖ್ಯಸ್ಥರಿಗೆ ಮೆತ್ತಗೆ ಹೇಳಿದರು: ನನ್ನನ್ನು ಬೇರೆ ಊರಿಗೆ ಕಳಿಸಿ. ಮನಸ್ಸಿನಲ್ಲಿದ್ದ ಊರು ನ್ಯೂಯಾರ್ಕ್. ಅದಾಗದಿದ್ದರೆ ಲಾಸ್ ಏಂಜಲೀಸ್ ಆದರೂ ಸರಿ. ಈ ಗುಟ್ಟು ಮುಂದಿನ ಮಾರ್ಚ್‌ವರೆಗೆ ಹೊರಬೀಳಲಿಲ್ಲ! ಈಗಿನ ಕಾಲದಲ್ಲಾದರೆ ಊಟದ ಬಿಲ್ ಬರುವ ಮೊದಲೇ ಫೋನುಗಳಲ್ಲಿ ಹರಿದಾಡುತ್ತಿತ್ತು.

ಅದೇ ಅಕ್ಟೋಬರ್‌ನಲ್ಲಿ ಇನ್ನೊಂದು ಎಡವಟ್ಟು. ಅಭ್ಯಾಸ ಪಂದ್ಯದಲ್ಲಿ ಎದುರಾಳಿಯ ಕೈ ಕಣ್ಣಿಗೆ ತಾಗಿತು. ಕರೀಮ್‌ಗೆ ಸಿಟ್ಟು ನೆತ್ತಿಗೇರಿತು. ಬುಟ್ಟಿಯನ್ನು ಹೊತ್ತ ಕಂಬಕ್ಕೇ ಗುದ್ದಿಬಿಟ್ಟರು! ಕಂಬಕ್ಕೇನಾಗುತ್ತದೆ? ಮುರಿದದ್ದು ಕೈ. ಮೊದಲ 16 ಪಂದ್ಯಗಳಿಗೆ ಅವರಿಲ್ಲ. ಅದರಲ್ಲಿ ಬಕ್ಸ್ ಗೆದ್ದದ್ದು ಬರೀ ಮೂರು. ಕರೀಮ್ ಮುಖಕ್ಕೆ ಆ ಪ್ರಸಿದ್ಧ ಕನ್ನಡಕ ಬಂದದ್ದು ಈ ಕಣ್ಣಿನ ಗಾಯದ ನಂತರವೇ.

ಕೊನೆಗೆ ಕರೀಮ್ ಅದಲುಬದಲಿನ ವ್ಯಾಪಾರ ಕುದುರಿಸಿದವರು ಯಾರು ಗೊತ್ತೇ? ಬಕ್ಸ್ ತಂಡದ ಜನರಲ್ ಮ್ಯಾನೇಜರ್ ವೇಯ್ನ್ ಎಂಬ್ರಿ. ಎನ್‌ಬಿಎಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ವರ್ಣೀಯರು. ಮತ್ತೆ, ಅವರೂ ಆಡುವ ಕಾಲದಲ್ಲಿ ಸೆಂಟರ್! ಒಬ್ಬ ಸೆಂಟರ್‌ನ ಬೆಲೆ ಕಟ್ಟಲು ಇನ್ನೊಬ್ಬ ಸೆಂಟರ್‌ಗಿಂತ ಸರಿಯಾದವರು ಸಿಗುತ್ತಾರೆಯೇ?

1975ರ ಜೂನ್ 16ಕ್ಕೆ ಕರೀಮ್ ಲಾಸ್ ಏಂಜಲೀಸ್ ಲೇಕರ್ಸ್ ಪಾಲಾದರು. ಮಿಲ್ವಾಕಿಗೆ ಬಂದವರು ನಾಲ್ವರು: ಎಲ್ಮೋರ್ ಸ್ಮಿತ್, ಬ್ರಯನ್ ವಿಂಟರ್ಸ್, ಡೇವ್ ಮೇಯರ್ಸ್, ಜೂನಿಯರ್ ಬ್ರಿಜ್‌ಮನ್. ‘ಇವರೆಲ್ಲ ಯಾರಪ್ಪಾ’ ಅನ್ನಬೇಡಿ. ಇವರಲ್ಲಿ ಮೂವರ ಕಥೆಯಂತೂ ಒಂದೊಂದು ಬೆರಗು.

ಎಲ್ಮೋರ್ ಸ್ಮಿತ್ 1973ರಲ್ಲಿ ಒಂದೇ ಪಂದ್ಯದಲ್ಲಿ ಎದುರಾಳಿಗಳ 17 ಹೊಡೆತಗಳನ್ನು ಗಾಳಿಯಲ್ಲೇ ತಡೆದವರು. ಆ ದಾಖಲೆ ಅರ್ಧ ಶತಮಾನ ದಾಟಿದರೂ ಅಲುಗಿಲ್ಲ! ಡೇವ್ ಮೇಯರ್ಸ್ 1980ರಲ್ಲಿ, ಇನ್ನೂ ಆಡುವ ವಯಸ್ಸಿನಲ್ಲೇ, ಹೆಂಡತಿ ಮಕ್ಕಳ ಜೊತೆ ಇರಬೇಕೆಂದು ಆಟ ಬಿಟ್ಟರು. ಮುಂದೆ ಮೇಷ್ಟ್ರಾದರು!

ಇನ್ನು ಬ್ರಿಜ್‌ಮನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಆಟ ಮುಗಿಸಿ ವೆಂಡೀಸ್ ಎಂಬ ಬರ್ಗರ್ ಅಂಗಡಿಗಳ ವ್ಯಾಪಾರಕ್ಕಿಳಿದರು. ಕೌಂಟರ್ ಹಿಂದೆ ನಿಂತು ಕೆಲಸ ಕಲಿತರು. ಒಂದೊಂದಾಗಿ ನೂರಕ್ಕೂ ಹೆಚ್ಚು ಅಂಗಡಿ ಮಾಡಿಕೊಂಡರು. ಆಮೇಲೆ ಕೋಕಾ ಕೋಲಾ ಬಾಟಲಿ ತುಂಬುವ ಕಾರ್ಖಾನೆ ನಡೆಸಿದರು. ಎಬನಿ, ಜೆಟ್ ಎಂಬ ಹೆಸರಾಂತ ಪತ್ರಿಕೆಗಳನ್ನೂ ಕೊಂಡರು. 2024ರಲ್ಲಿ ಕೊಂಡದ್ದೇನು ಊಹಿಸಿ? ಮಿಲ್ವಾಕಿ ಬಕ್ಸ್ ತಂಡದ ಶೇಕಡ 10 ಪಾಲು! ಬದಲಿಗೆ ಬಂದ ಹುಡುಗ ಕೊನೆಗೆ ತಂಡಕ್ಕೇ ಪಾಲುದಾರ. ಮರುವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು.

ಹಾಗಾದರೆ ಲಾಭ ಯಾರಿಗಾಯಿತು? ಮೊದಲ ವರ್ಷದ ಲೆಕ್ಕ ಕೇಳಿದರೆ ನಗು ಬರುತ್ತದೆ. ಕರೀಮ್ ಆ ವರ್ಷದ ಅತ್ಯುತ್ತಮ ಆಟಗಾರ. ಆದರೆ ಅವರ ಲೇಕರ್ಸ್ 40 ಪಂದ್ಯ ಗೆದ್ದೂ ಪ್ಲೇಆಫ್‌ನಿಂದ ಹೊರಗೆ! ಇತ್ತ ಕರೀಮ್ ಇಲ್ಲದ ಬಕ್ಸ್ 38 ಗೆದ್ದು, 44 ಸೋತು, ತಮ್ಮ ಗುಂಪಿಗೆ ಮೊದಲಿಗರು! ಆ ಗುಂಪಿನಲ್ಲಿದ್ದ ಉಳಿದವರ ಪಾಡು ನೀವೇ ಊಹಿಸಿ. ಮುಂದೆ ಕರೀಮ್ ಲೇಕರ್ಸ್‌ಗೆ ಐದು ಪಟ್ಟ ಗೆದ್ದುಕೊಟ್ಟರು ಅನ್ನುವುದು ಬೇರೆ ಮಾತು. ಮಿಲ್ವಾಕಿ ಮುಂದಿನ ಪಟ್ಟಕ್ಕೆ 2021ರ ತನಕ ಕಾಯಬೇಕಾಯಿತು.

ಬಿಲ್ ವಾಲ್ಟನ್ ಕಥೆ ಇನ್ನೂ ಖಡಕ್. 1978ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ. ಅದೇ ಬೇಸಿಗೆಯಲ್ಲಿ ಪೋರ್ಟ್‌ಲ್ಯಾಂಡ್ ತಂಡ ತನ್ನ ಪಾದದ ಗಾಯಕ್ಕೆ ಸರಿಯಾಗಿ ಚಿಕಿತ್ಸೆ ಕೊಡಲಿಲ್ಲವೆಂದು ಮುನಿದು, ಕಳಿಸಿಬಿಡಿ ಅಂದರು. ತಂಡ ಕಳಿಸಲಿಲ್ಲ. ವಾಲ್ಟನ್ ಇಡೀ ಒಂದು ಋತು ಆಡಲೇ ಇಲ್ಲ!

ಅತ್ಯುತ್ತಮ ಆಟಗಾರನನ್ನೇ ಕಳಕೊಂಡರೆ ಏನಾಗುತ್ತದೆ? ಹ್ಯೂಸ್ಟನ್‌ನವರನ್ನು ಕೇಳಿ. 1982ರಲ್ಲಿ ಮೋಸಸ್ ಮಲೋನ್ ಅವರನ್ನು ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟರು. ಮಲೋನ್ ಪ್ಲೇಆಫ್‌ಗೆ ಮುಂಚೆ ಮೂರೂ ಸುತ್ತು ನಾಲ್ಕಕ್ಕೆ ನಾಲ್ಕು ಗೆಲ್ಲುತ್ತೇವೆ ಎಂದು ಸವಾಲು ಹಾಕಿದರು. ಒಂದೇ ಒಂದು ಪಂದ್ಯ ತಪ್ಪಿತು! ಹ್ಯೂಸ್ಟನ್ ಗೆದ್ದದ್ದು 14, ಸೋತದ್ದು 68. ಆದರೆ ಅಷ್ಟು ಸೋತಿದ್ದಕ್ಕೇ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮುಂದಿನ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಕ್ಕಿತು. ಮರುವರ್ಷ ಮತ್ತೆ ಮೊದಲ ಆಯ್ಕೆ. ಬಂದವರು ಹಕೀಮ್ ಒಲಾಜುವಾನ್!

ಆ ಹಕೀಮ್ ಕೂಡ 1992ರಲ್ಲಿ ‘ಕಳಿಸಿ’ ಅಂದವರೇ. ಗಾಯದ ನೆಪ ಹೂಡುತ್ತಿದ್ದಾರೆ ಎಂದು ತಂಡ ಅನುಮಾನಿಸಿತ್ತು. ಅಷ್ಟರಲ್ಲಿ ಋತುವಿನ ಮೊದಲ ಪಂದ್ಯಗಳಿಗೆ ಜಪಾನ್‌ನ ಯೊಕೊಹಾಮಾಗೆ ಹೋಗಬೇಕಾಗಿ ಬಂತು. ಆ ಉದ್ದನೆಯ ವಿಮಾನ ಪ್ರಯಾಣದಲ್ಲಿ ಮಾಲೀಕರೂ ಅವರೂ ಮಾತಾಡಿ ರಾಜಿಯಾದರು. ಹಕೀಮ್ ಉಳಿದರು. 1994, 1995, ಎರಡೂ ವರ್ಷ ಹ್ಯೂಸ್ಟನ್ ಚಾಂಪಿಯನ್! ಜಪಾನ್ ಹತ್ತಿರವಿದ್ದಿದ್ದರೆ ಏನಾಗುತ್ತಿತ್ತೋ!

ಶಕೀಲ್ ಓನೀಲ್ 2004ರಲ್ಲಿ ಲೇಕರ್ಸ್ ಬಿಟ್ಟು ಮಯಾಮಿಗೆ ಬಂದದ್ದು ಹೇಗೆ ಗೊತ್ತೇ? 18 ಚಕ್ರದ ಲಾರಿಯಲ್ಲಿ! ಇಳಿದವರೇ ಆಟದ ನೀರಿನ ಬಂದೂಕಿನಿಂದ ಅಭಿಮಾನಿಗಳಿಗೆ ಪಿಚಕಾರಿ ಹೊಡೆದರು.

ಈಗ 2008ಕ್ಕೆ. ನಿಯಮದ ಪ್ರಕಾರ ಕೊಡುವವರ ಸಂಬಳ, ಬರುವವರ ಸಂಬಳ ಹೆಚ್ಚುಕಡಿಮೆ ತೂಗಬೇಕು. ಪಾವ್ ಗಸೋಲ್ ಅವರನ್ನು ಮೆಂಫಿಸ್‌ನಿಂದ ತರಲು ಲೇಕರ್ಸ್‌ಗೆ ತಕ್ಕಡಿಯಲ್ಲಿ ಸ್ವಲ್ಪ ಕಡಿಮೆ ಬಿತ್ತು. ಏನು ಮಾಡಿದರು? ಆಟ ಬಿಟ್ಟು ಇನ್ನೊಂದು ತಂಡದಲ್ಲಿ ಸಂಬಳವಿಲ್ಲದ ಕೋಚ್ ಆಗಿದ್ದ ಆರನ್ ಮೆಕೀ ಅವರನ್ನು ಹಿಡಿದು ಸಹಿ ಹಾಕಿಸಿದರು. ಅವರನ್ನೂ ಮೂಟೆಗೆ ಸೇರಿಸಿ ಕಳಿಸಿದರು! ಮೆಂಫಿಸ್ ಪರ ಮೆಕೀ ಒಂದೂ ಪಂದ್ಯ ಆಡಲಿಲ್ಲ.

ಇದು ಹಗಲು ದರೋಡೆ ಎಂದು ಎಲ್ಲರೂ ಬೊಬ್ಬೆ ಹೊಡೆದರು. ಆದರೆ ಬದಲಿ ಪಟ್ಟಿಯ ಮೂಲೆಯಲ್ಲಿ ಒಂದು ಹೆಸರಿತ್ತು: ಮಾರ್ಕ್ ಗಸೋಲ್. ಪಾವ್ ಅವರ ಸ್ವಂತ ತಮ್ಮ! ಆಗ ಸ್ಪೇನ್‌ನಲ್ಲಿ ಆಡುತ್ತಿದ್ದ, ಹೆಚ್ಚಿನವರು ಲೆಕ್ಕಕ್ಕೇ ಹಿಡಿಯದ ಹುಡುಗ. 2013ರಲ್ಲಿ ಅದೇ ಹುಡುಗ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ. 2015ರ ಆಲ್ ಸ್ಟಾರ್ ಪಂದ್ಯದಲ್ಲಿ ಮೊದಲ ಚೆಂಡಿಗೆ ಎದುರುಬದುರು ಹಾರಿದವರು ಅಣ್ಣ ತಮ್ಮ!

ಡ್ವೈಟ್ ಹೊವಾರ್ಡ್ ಒರ್ಲ್ಯಾಂಡೊ ಬಿಡುತ್ತೇನೆ, ಇಲ್ಲ ಇರುತ್ತೇನೆ ಎಂದು ಒಂದಿಡೀ ಋತು ಎಲ್ಲರನ್ನೂ ಆಡಿಸಿದರು. 2012ರ ಏಪ್ರಿಲ್‌ನ ಒಂದು ಬೆಳಗ್ಗೆ ಕೋಚ್ ಸ್ಟ್ಯಾನ್ ವ್ಯಾನ್ ಗಂಡಿ ಡಯೆಟ್ ಪೆಪ್ಸಿ ಕ್ಯಾನ್ ಹಿಡಿದು ಪತ್ರಕರ್ತರ ಮುಂದೆ ನಿಂತಿದ್ದರು. ನನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಹೊವಾರ್ಡ್ ಕೇಳಿದ್ದು ನಿಜ, ಮೇಲಿನವರೇ ಹೇಳಿದ್ದಾರೆ ಅಂದರು. ಅಷ್ಟರಲ್ಲಿ ಏನೂ ಗೊತ್ತಿಲ್ಲದ ಹೊವಾರ್ಡ್ ನಗುತ್ತ ಬಂದು ಕೋಚ್ ಹೆಗಲ ಮೇಲೆ ಕೈ ಹಾಕಿದರು! ವ್ಯಾನ್ ಗಂಡಿ ಒಂದು ಗುಟುಕು ಪೆಪ್ಸಿ ಕುಡಿದು ಅಲ್ಲಿಂದ ಜಾರಿಕೊಂಡರು. ಇದೆಲ್ಲ ಕ್ಯಾಮೆರಾ ಎದುರಿಗೇ!

ಕೊನೆಗೆ ಆಗಸ್ಟ್‌ನಲ್ಲಿ ನಾಲ್ಕು ತಂಡ, 12 ಆಟಗಾರರ ಭಾರಿ ಅದಲುಬದಲು ನಡೆಯಿತು. ಫಿಲಡೆಲ್ಫಿಯಾಗೆ ಸಿಕ್ಕಿದ್ದು ಆಂಡ್ರೂ ಬೈನಮ್ ಎಂಬ ದೈತ್ಯ. ಮಂಡಿ ನೋವಿನಿಂದ ಒಂದೂ ಪಂದ್ಯ ಆಡಲಿಲ್ಲ! ನೋವು ಸಾಲದೆಂಬಂತೆ ಬೌಲಿಂಗ್ ಆಡಲು ಹೋಗಿ ಇನ್ನಷ್ಟು ಕೆಡಿಸಿಕೊಂಡರು. ಸಂಬಳ 1.6 ಕೋಟಿ ಡಾಲರ್‌ಗೂ ಮೇಲೆ! ಲೇಕರ್ಸ್ ಸೇರಿದ ಹೊವಾರ್ಡ್ ಆ ಸಲ ಅಲ್ಲಿ ಉಳಿದದ್ದು ಒಂದೇ ವರ್ಷ. ಒರ್ಲ್ಯಾಂಡೊಗೆ ಏನೂ ಸಿಗಲಿಲ್ಲ ಎಂದು ಅಂದು ಕನಿಕರಪಟ್ಟವರೇ ಹೆಚ್ಚು. ಆದರೆ ಆ ತಂಡಕ್ಕೆ ಬಂದ ನಿಕೊಲಾ ವುಚೆವಿಚ್ ಮುಂದೆ ಎರಡು ಸಲ ಆಲ್ ಸ್ಟಾರ್. ಇಂಥ ವಾದಗಳಲ್ಲಿ ಗಟ್ಟಿ ಗಂಟಲಿನವರನ್ನು ನಾನು ನಂಬದಿರುವುದು ಇದಕ್ಕೇ!

ಒಂದು ಹೆಬ್ಬೆರಳು ಇಡೀ ವ್ಯಾಪಾರ ಮುರಿಯಬಲ್ಲದು! 2009ರಲ್ಲಿ ಟೈಸನ್ ಚಾಂಡ್ಲರ್ ಅವರನ್ನು ಒಕ್ಲಹೋಮ ಸಿಟಿ ತರಿಸಿಕೊಂಡಿತು. ವೈದ್ಯರು ಕಾಲಿನ ಹೆಬ್ಬೆರಳು ನೋಡಿ ತಲೆಯಾಡಿಸಿದರು. ಮರುದಿನವೇ ವಾಪಸ್! 2011ರಲ್ಲಿ ಅದೇ ಹೆಬ್ಬೆರಳಿನ ಮೇಲೆ ನಿಂತು ಚಾಂಡ್ಲರ್ ಡಾಲಸ್ ಜೊತೆ ಚಾಂಪಿಯನ್ ಆದರು.

ಹೋಗಲೊಲ್ಲದ ಸೆಂಟರ್ ಕೂಡ ಇದ್ದಾರೆ. 1996ರಲ್ಲಿ ಲೇಕರ್ಸ್‌ನ ವ್ಲಾಡೆ ಡಿವಾಟ್ಸ್‌ಗೆ ಶಾರ್ಲಟ್‌ಗೆ ಹೊರಡಿ ಅಂದರು. ಆಟವನ್ನೇ ಬಿಟ್ಟೇನು, ಅಲ್ಲಿಗೆ ಹೋಗಲಾರೆ ಅಂದರು ಡಿವಾಟ್ಸ್. ಹೇಗೋ ಒಪ್ಪಿಸಿದರು. ಬದಲಿಗೆ ಬಂದವನು 17 ವರ್ಷದ ಪೋರ. ಹೆಸರು ಕೋಬಿ ಬ್ರಯಂಟ್!

ಇದೇ ಡಿವಾಟ್ಸ್ ಮುಂದೆ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಜನರಲ್ ಮ್ಯಾನೇಜರ್ ಆದರು. ಆ ತಂಡದ ಮಾಲೀಕರು ನಮ್ಮ ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ. 2017ರ ಫೆಬ್ರವರಿಯಲ್ಲಿ ಅವರ ಸೆಂಟರ್ ಡಿಮಾರ್ಕಸ್ ಕಸಿನ್ಸ್ ಆಲ್ ಸ್ಟಾರ್ ಪಂದ್ಯಕ್ಕೆ ನ್ಯೂ ಆರ್ಲಿಯನ್ಸ್‌ಗೆ ಹೋಗಿದ್ದರು. ಆಡಿದ್ದು ಬರೀ ಎರಡು ನಿಮಿಷ. ಆಟ ಮುಗಿದು ಪತ್ರಕರ್ತರ ಜೊತೆ ಮಾತಾಡುತ್ತಿರುವಾಗಲೇ ಸುದ್ದಿ ಬಂತು: ನಿಮ್ಮನ್ನು ಮಾರಾಯಿತು. ಯಾವ ಊರಿಗೆ? ನ್ಯೂ ಆರ್ಲಿಯನ್ಸ್‌ಗೇ! ಕಸಿನ್ಸ್‌ಗೆ ಬದಲು ಸಿಕ್ಕಿದ್ದು ಸಾಕಾಯಿತೇ ಎಂದು ಡಿವಾಟ್ಸ್ ಅವರನ್ನು ಕೇಳಿದರು. ಎರಡು ದಿನ ಮುಂಚೆ ಇದಕ್ಕಿಂತ ಒಳ್ಳೆಯದು ಸಿಕ್ಕಿತ್ತು ಎಂದು ಅವರು ಎಲ್ಲರ ಮುಂದೆ ಹೇಳಿಯೇಬಿಟ್ಟರು!