ಪಾಲು ವ್ಯಾಪಾರಕ್ಕೆ ನೋಂದಣಿ

ಅಕ್ಕಂದಿರೇ, ಹೊಳೆನರಸೀಪುರದ ಇಬ್ಬರು ಓರಗಿತ್ತಿಯರು ಆಲೂಗಡ್ಡೆ ಹಪ್ಪಳ ಮಾಡಿ ಮಾರುತ್ತಾರೆ ಅನ್ನಿ. ಆಲೂಗಡ್ಡೆ ನಮ್ಮ ಹಾಸನ ಸೀಮೆಯ ಬೆಳೆ ತಾನೇ. ದುಡ್ಡು ಇಬ್ಬರದು, ದುಡಿಮೆ ಇಬ್ಬರದು. ಲಾಭವನ್ನು ಹಂಚಿಕೊಳ್ಳುತ್ತಾರೆ. ಇದಕ್ಕೆ ಪಾಲುದಾರಿಕೆ ಎನ್ನುತ್ತೇವೆ.

ಒಬ್ಬರೇ ವ್ಯಾಪಾರ ಮಾಡಿದರೆ ಹೆಸರು ನೋಂದಾಯಿಸಲು ಬೇರೆ ಕಾಯಿದೆ ಇಲ್ಲ. ಪರವಾನಗಿ ಪಡೆಯುವಾಗ ಆ ಹೆಸರು ಬರೆಸಬೇಕು. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ 2020ರಿಂದ ಇದೆ. ಅದಕ್ಕೆ ಸರ್ಕಾರದ ಶುಲ್ಕ ಇಲ್ಲ.

ಪಾಲುದಾರಿಕೆಗೆ 1932ರ ಕಾಯಿದೆ ಇದೆ. ನೋಂದಣಿ ಕಡ್ಡಾಯವಲ್ಲ. 'ಹಾಗಾದ್ರೆ ಯಾಕಮ್ಮ ಈ ಓಡಾಟ?' ಅಂತ ಕೇಳ್ತೀರಿ. ಅಂಗಡಿಯವನು ಹಪ್ಪಳ ತಗೊಂಡು 5,000 ರೂಪಾಯಿ ಬಾಕಿ ಉಳಿಸಿಕೊಂಡ ಅನ್ನಿ. ನೋಂದಣಿ ಇಲ್ಲದಿದ್ದರೆ ನಾವು ಆ ಬಾಕಿಗಾಗಿ ಕೋರ್ಟಿನಲ್ಲಿ ದಾವೆ ಹಾಕಲು ಆಗದು. ಆದರೆ ನಮಗೆ ಎಣ್ಣೆ ಸಾಲ ಕೊಟ್ಟವನು ನಮ್ಮ ಮೇಲೆ ದಾವೆ ಹಾಕಬಹುದು! ಪೂರ್ತಿ ಸಾಲವನ್ನು ಒಬ್ಬಳಿಂದಲೇ ವಸೂಲು ಮಾಡಬಹುದು.

ಮೊದಲು ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಬರೆಸಿ. ಯಾರ ಪಾಲು ಎಷ್ಟು ಎಂದು ಅದರಲ್ಲಿ ಇರಲಿ. ಪಾಲಿನ ಮಾತೇ ಆಗದಿದ್ದರೆ ಕಾಯಿದೆ ಲಾಭ ನಷ್ಟ ಎರಡನ್ನೂ ಸಮನಾಗಿ ಹಂಚುತ್ತದೆ. ಹೆಚ್ಚು ಹಣ ಹಾಕಿದವಳಿಗೂ ಅಷ್ಟೇ. ದುಡಿಯುವವರು ನೀವಾದರೆ ನಿಮ್ಮ ಹೆಸರೇ ಬರೆಸಿ. ಗಂಡನ ಹೆಸರು ಬರೆಸಿದರೆ ಪಾಲುದಾರ ಅವರೇ ಆಗುತ್ತಾರೆ.

ಅರ್ಜಿಯಲ್ಲಿ ಸಂಸ್ಥೆಯ ಹೆಸರು, ಸ್ಥಳ, ಪಾಲುದಾರರ ಹೆಸರು ವಿಳಾಸ, ಸೇರಿದ ದಿನ ಇರಬೇಕು. ಎಲ್ಲ ಪಾಲುದಾರರೂ ರುಜು ಹಾಕಬೇಕು. ಅರಕಲಗೂಡು, ಚನ್ನರಾಯಪಟ್ಟಣದವರೂ ಹಾಸನದ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ರುಜು ಹಾಕುವ ಮುಂಚೆ ಪತ್ರವನ್ನು ನೀವೇ ಓದಿ. ಒಂದೊಂದು ಪ್ರತಿ ಇಬ್ಬರ ಹತ್ತಿರವೂ ಇರಲಿ.